ಮೀಸೆ ಮಣ್ಣಾಗಲು ಒಪ್ಪಿದ ಜಟ್ಟಿಗಳು

ನಾನು ರೆಸ್ಲಿಂಗ್ ನೋಡುತ್ತೇನೆ, ಅದರ ಬಗ್ಗೆ ಬರೆಯುತ್ತೇನೆ ಎಂದು ತಿಳಿದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಯಾರು ಗೆಲ್ಲಬೇಕೆಂದು ಮೊದಲೇ ತೀರ್ಮಾನವಾಗಿರುತ್ತದಂತೆ. ಹಾಗಿದ್ದ ಮೇಲೆ ಅಲ್ಲಿ ಒಬ್ಬನನ್ನು ದಂತಕಥೆ ಅನ್ನುವುದು ಯಾವ ಲೆಕ್ಕದಲ್ಲಿ?” ಕಚೇರಿಯಲ್ಲಿ ಕೇಳಿದ್ದಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ. ಎಲ್ಲರಿಗಿಂತ ಖಾರವಾಗಿ ಕೇಳಿದವರು ನನ್ನ ಸೋದರಮಾವ. ಅವರು ಮೈಸೂರಿನ ಗರಡಿಯಲ್ಲಿ ಬೆಳೆದವರು, ದಸರಾ ಕುಸ್ತಿಯಲ್ಲಿ ಗೆದ್ದೂ ಸೋತೂ ಬಂದವರು. “ಬೆನ್ನು ಮಣ್ಣಿಗೆ ತಾಗಿದರೆ ಸೋಲು. ಅದನ್ನು ಯಾರೂ ಬರೆದುಕೊಡುವುದಿಲ್ಲ. ನಿನ್ನ ಟಿ.ವಿ. ಪೈಲ್ವಾನರ ಗೆಲುವಿಗೆ ಏನಪ್ಪಾ ಬೆಲೆ?” ಎಂದಿದ್ದರು.

ಮಾವನ ಮಾತಿನಲ್ಲಿ ನ್ಯಾಯವಿದೆ. ಬರೆದುಕೊಟ್ಟ ಗೆಲುವಿಗೆ ಬೆಲೆ ಕಡಿಮೆ. ನಾನು ಇಷ್ಟು ವರ್ಷ ನೋಡಿ ಕಂಡುಕೊಂಡದ್ದು ಇದು: ಅಲ್ಲಿ ದಂತಕಥೆಗಳು ಹುಟ್ಟುವುದು ಸೋಲಿನಲ್ಲಿ. ಇದು ಒಗಟಿನಂತೆ ಕೇಳಿಸಬಹುದು, ಬಿಡಿಸಿ ಹೇಳುತ್ತೇನೆ.

ಗುಟ್ಟು ರಟ್ಟಾಗಿ ಬಹಳ ಕಾಲವಾಯಿತು. 1989ರಲ್ಲೇ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ವಿನ್ಸ್ ಮೆಕ್‌ಮಹೋನ್ ನಡೆಸುತ್ತಿದ್ದ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಎಫ್ (ಇಂದಿನ ಡಬ್ಲ್ಯುಡಬ್ಲ್ಯುಇ) ತಾನಾಗಿ ಒಪ್ಪಿಕೊಂಡಿತು, ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು. ಕ್ರೀಡೆ ಎಂದರೆ ಸರ್ಕಾರದ ಕ್ರೀಡಾ ಆಯೋಗದ ಕಟ್ಟುಪಾಡು, ತೆರಿಗೆ. ಮನರಂಜನೆಯಾದರೆ ಆ ಗೋಜಿಲ್ಲ. ಆಧುನಿಕ ಕಾಲ ಎಂದು ನಾನು ಕರೆಯುವುದು ಅಲ್ಲಿಂದ ಈಚಿನದನ್ನು. ಪ್ರೇಕ್ಷಕನಿಗೆ ಎಲ್ಲ ಗೊತ್ತು, ಗೊತ್ತಿದ್ದೂ ಬರುತ್ತಾನೆ.

ಯಾಕೆ ಬರುತ್ತಾನೆ ಎಂಬುದಕ್ಕೆ 1999ರ ಜನವರಿ 4ರ ಸೋಮವಾರಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಆಗ ಎರಡು ರೆಸ್ಲಿಂಗ್ ಕಂಪನಿಗಳು ಒಂದೇ ಹೊತ್ತಿಗೆ ಎರಡು ಚಾನೆಲ್‌ಗಳಲ್ಲಿ ಕಾರ್ಯಕ್ರಮ ಕೊಡುತ್ತಿದ್ದವು. ಡಬ್ಲ್ಯುಸಿಡಬ್ಲ್ಯು ಅಟ್ಲಾಂಟಾದಿಂದ ನೇರ ಪ್ರಸಾರದಲ್ಲಿತ್ತು. ಎದುರಾಳಿ ಡಬ್ಲ್ಯುಡಬ್ಲ್ಯುಎಫ್‌ನ ಕಾರ್ಯಕ್ರಮ ಕೆಲವು ದಿನ ಮೊದಲೇ ಚಿತ್ರೀಕರಣವಾಗಿತ್ತು. ವೀಕ್ಷಕರನ್ನು ಹಿಡಿದಿಡಲೆಂದು ಡಬ್ಲ್ಯುಸಿಡಬ್ಲ್ಯು ತನ್ನ ವೀಕ್ಷಕ ವಿವರಣೆಗಾರನಿಂದ ಫಲಿತಾಂಶವನ್ನೇ ಬಯಲು ಮಾಡಿಸಿತು: ಆ ಕಡೆ ಇವತ್ತು ಮಿಕ್ ಫೋಲಿ ಚಾಂಪಿಯನ್ ಆಗುತ್ತಾನೆ, ಅದನ್ನು ಯಾರು ನೋಡುತ್ತಾರೆ ಎಂಬ ಕೊಂಕಿನೊಂದಿಗೆ. ಮರುಕ್ಷಣವೇ ಲಕ್ಷಾಂತರ ಮಂದಿ ಚಾನೆಲ್ ಬದಲಿಸಿದರು. ಫಲಿತಾಂಶ ಕಿವಿಗೆ ಬಿದ್ದ ಮೇಲೆ, ಅದನ್ನು ಕಣ್ಣಾರೆ ಕಾಣಬೇಕೆಂದು ಹೋದರು. ಫೋಲಿಗೆ ಕಟ್ಟುಮಸ್ತಾದ ಮೈಯಿರಲಿಲ್ಲ. ಬಲಗಿವಿಯ ಬಹುಪಾಲು 1994ರ ಒಂದು ಪಂದ್ಯದಲ್ಲಿ ಹರಿದುಹೋಗಿತ್ತು, ಮುಂದಿನ ಹಲ್ಲುಗಳಿರಲಿಲ್ಲ. ವರ್ಷಗಟ್ಟಲೆ ಪೆಟ್ಟು ತಿಂದ ಆ ಮನುಷ್ಯನ ಕೈಗೆ ಚಾಂಪಿಯನ್ ಬೆಲ್ಟ್ ಬರುವ ಗಳಿಗೆಯನ್ನು ಯಾರೂ ತಪ್ಪಿಸಿಕೊಳ್ಳಲು ಸಿದ್ಧರಿರಲಿಲ್ಲ.

ನಮ್ಮ ಹಳ್ಳಿಯ ಪೌರಾಣಿಕ ನಾಟಕ ನೋಡಿದವರಿಗೆ ಇದು ಹೊಸದಲ್ಲ. ದುರ್ಯೋಧನನ ತೊಡೆ ಮುರಿಯುತ್ತದೆ ಎಂದು ಗೊತ್ತಿಲ್ಲದವನು ಆ ಬಯಲಿನಲ್ಲಿ ಒಬ್ಬನೂ ಇರುವುದಿಲ್ಲ. ಆದರೂ ಬೆಳಗಿನ ಜಾವದವರೆಗೆ ಕೂರುತ್ತಾರೆ. ಈ ಸಲದ ದುರ್ಯೋಧನ ಹೇಗೆ ಬೀಳುತ್ತಾನೆ ಎಂಬುದು ಅವರಿಗೆ ಬೇಕು.

ಚಿಕ್ಕವನಿದ್ದಾಗ ನನಗೂ ಇದು ತಿಳಿದಿರಲಿಲ್ಲ. ನಮ್ಮ ಲೆಕ್ಕವೆಲ್ಲ ಈ ಪೈಲ್ವಾನರ ಚಿತ್ರವಿದ್ದ ಟ್ರಂಪ್ ಕಾರ್ಡುಗಳದ್ದು. ಮೂಲೆ ಸವೆದು ನಾರು ನಾರಾದ ಆ ಕಾರ್ಡುಗಳಲ್ಲಿ ಎತ್ತರ, ತೂಕ, ಎದೆ ಸುತ್ತಳತೆ, ತೋಳಿನ ಸುತ್ತಳತೆ, ಗೆದ್ದ ಪಂದ್ಯಗಳು, ರ‍್ಯಾಂಕ್. ದೊಡ್ಡ ಅಂಕಿ ಹೇಳಿದವನಿಗೆ ಎದುರಾಳಿಯ ಕಾರ್ಡು. ಅಂಡರ್‌ಟೇಕರ್ ಏಳು ಸಲ ಸತ್ತು ಬದುಕಿದ್ದಾನೆ ಎಂದು ಪಕ್ಕದ ಬೆಂಚಿನವನು ಆಣೆ ಮಾಡಿ ಹೇಳಿದಾಗ ನಾನು ನಂಬಿದ್ದೆ. ಸೋತ ಪಂದ್ಯಗಳನ್ನು ಹೇಗೆ ಸೋತ ಎಂಬ ಸಾಲು ಮಾತ್ರ ಆ ಕಾರ್ಡಿನಲ್ಲಿ ಇರಲಿಲ್ಲ. ನಿಜವಾದ ಅಳತೆ ಅದೇ ಆಗಿತ್ತು.

ಕನ್ನಡದಲ್ಲಿ ಒಂದು ಗಾದೆಯಿದೆಯಲ್ಲ, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು. ಸೋಲನ್ನು ಒಪ್ಪದ ಹಮ್ಮಿನವನ ಬಗ್ಗೆ ಹೇಳುವ ಮಾತು. ರೆಸ್ಲಿಂಗ್‌ನಲ್ಲಿ ಅಂಥವರಿಗೆ ಬರವಿಲ್ಲ. ದೊಡ್ಡ ಹೆಸರು, ದೊಡ್ಡ ಸಂಬಳ, ಯಾರೆದುರೂ ಬೆನ್ನು ನೆಲಕ್ಕೆ ತಾಗಿಸಲಾರೆ ಎಂಬ ಹಟ. ಅವರ ಕಾಲ ಮುಗಿದಾಗ ಅವರೊಂದಿಗೆ ಎಲ್ಲವೂ ಮುಗಿಯುತ್ತದೆ. ಇನ್ನು ಕೆಲವರು ತಮ್ಮ ಮೀಸೆಗೆ ತಾವೇ ಮಣ್ಣು ಹಚ್ಚಿಕೊಂಡು ಇನ್ನೊಬ್ಬನನ್ನು ಎತ್ತಿ ನಿಲ್ಲಿಸುತ್ತಾರೆ. ನನ್ನ ಪಟ್ಟಿಯಲ್ಲಿರುವುದು ಅವರು.

1997ರ ಮಾರ್ಚ್ 23, ಷಿಕಾಗೊ ಬಳಿಯ ರೋಸ್‌ಮಾಂಟ್, ರೆಸಲ್‌ಮೇನಿಯಾ 13. ರೆಸಲ್‌ಮೇನಿಯಾ ಎಂದರೆ ಡಬ್ಲ್ಯುಡಬ್ಲ್ಯುಎಫ್‌ನ ವರ್ಷದ ಅತಿ ದೊಡ್ಡ ಕಾರ್ಯಕ್ರಮ. ಬ್ರೆಟ್ ಹಾರ್ಟ್ ಜನರ ಕಣ್ಮಣಿ. ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಬಾಯಿಹರುಕ, ಖಳ. ಒಬ್ಬನು ಸೋಲೊಪ್ಪುವವರೆಗೆ ಪಂದ್ಯ. ಕೊನೆಗೆ ಬ್ರೆಟ್ ತನ್ನ ಪ್ರಸಿದ್ಧ ಶಾರ್ಪ್‌ಶೂಟರ್ ಪಟ್ಟು ಹಾಕಿದ: ಆಸ್ಟಿನ್ ಬೋರಲು ಬಿದ್ದಿದ್ದಾನೆ, ಕಾಲುಗಳು ಹಿಂದಕ್ಕೆ ಮಡಚಿ ಸಿಕ್ಕಿಕೊಂಡಿವೆ, ಬೆನ್ನು ಬಿಲ್ಲಾಗಿದೆ. ಹಣೆಯಿಂದ ಇಳಿದ ರಕ್ತ ಹಲ್ಲುಗಳ ಸಂದಿಗೆ ಹರಿಯುತ್ತಿದೆ. ಕ್ಯಾಮೆರಾ ಮುಖದ ಹತ್ತಿರ ಹೋಯಿತು. ಅವನು ಕಿರುಚಿದ, ಅಂಗೈ ಊರಿ ಮೈ ಎತ್ತಲು ನೋಡಿದ, ಸಾಕು ಎನ್ನಲಿಲ್ಲ. ಕೊನೆಗೆ ತಲೆ ಕುಸಿದು ಪ್ರಜ್ಞೆ ತಪ್ಪಿತು. ರೆಫರಿ ಕೆನ್ ಶ್ಯಾಮ್‌ರಾಕ್ ಪಂದ್ಯ ನಿಲ್ಲಿಸಿ ಬ್ರೆಟ್ ಗೆದ್ದನೆಂದು ಸಾರಿದ.

ಗೆದ್ದ ಬ್ರೆಟ್ ಅಲ್ಲಿಗೇ ಬಿಡಲಿಲ್ಲ, ಬಿದ್ದವನ ಕಾಲನ್ನು ಮತ್ತೆ ಹೊಡೆದ. ಜನ ಅವನತ್ತ ಬೈಗುಳ ಎಸೆದರು. ಆಸ್ಟಿನ್ ಕಣ್ಣು ಬಿಟ್ಟು, ಯಾರ ಹೆಗಲನ್ನೂ ಹಿಡಿಯದೆ ಕುಂಟುತ್ತ ಹೊರಟಾಗ ಇಡೀ ಸಭಾಂಗಣ ಅವನ ಹೆಸರು ಕೂಗುತ್ತಿತ್ತು. ಒಳಗೆ ಬರುವಾಗ ಖಳನಾಗಿದ್ದವನು ಹೊರಗೆ ಹೋಗುವಾಗ ನಾಯಕ. ಮುಂದಿನ ವರ್ಷಗಳಲ್ಲಿ ಇಡೀ ಉದ್ಯಮವನ್ನೇ ಹೊತ್ತು ನಡೆದವನು ಸೋತ ಆಸ್ಟಿನ್. ನನ್ನ ಕಣ್ಣಿಗೆ ಆ ರಾತ್ರಿ ಬ್ರೆಟ್ ಮಾಡಿದ್ದು ಇನ್ನೂ ದೊಡ್ಡದು. ವರ್ಷಗಟ್ಟಲೆ ಗಳಿಸಿದ ಜನರ ಪ್ರೀತಿಯನ್ನು ಇಪ್ಪತ್ತು ನಿಮಿಷಗಳಲ್ಲಿ ಇನ್ನೊಬ್ಬನಿಗೆ ದಾಟಿಸಿಬಿಟ್ಟ. ಗೆಲುವಿನೊಳಗೇ ಸೋಲುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ.

“ನಮ್ಮ ಖಲಿ ದಂತಕಥೆಯಲ್ಲವೇ?” ಎಂಬ ಉಪಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಹಿಮಾಚಲದ ದಲೀಪ್ ಸಿಂಗ್ ರಾಣಾ ದಿ ಗ್ರೇಟ್ ಖಲಿಯಾಗಿ 2007ರಲ್ಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದದ್ದು ಭಾರತೀಯರಿಗೆ ದೊಡ್ಡ ಹೆಮ್ಮೆ, ನನಗೂ. ಆದರೆ ಆ ಹೆಮ್ಮೆಗೆ ಬುನಾದಿ ಹಾಕಿದ ರಾತ್ರಿ ಅದಕ್ಕೂ ಹಿಂದಿನದು. 2006ರ ಮೇ ತಿಂಗಳಲ್ಲಿ, ಆಗಷ್ಟೇ ಬಂದಿದ್ದ ಖಲಿ ಅಂಡರ್‌ಟೇಕರ್‌ನನ್ನು ಕೆಡವಿ, ಒಂದು ಕಾಲನ್ನು ಅವನ ಎದೆಯ ಮೇಲಿಟ್ಟು ಗೆದ್ದ. ಸತ್ತರೂ ಎದ್ದು ಕೂರುತ್ತಾನೆ ಎಂದು ನಾವು ನಂಬಿದ್ದವನು ರೆಫರಿ ಮೂರು ಎಣಿಸಿ ಸೋಲು ಸಾರುವವರೆಗೆ ಅಲುಗಾಡದೆ ಮಲಗಿದ. ಹೊಸಬನನ್ನು ಜಗತ್ತು ಬೆರಗಿನಿಂದ ನೋಡಲಿ ಎಂದು ಅವನು ಕೊಟ್ಟ ಕಾಣಿಕೆ ಅದು. ದಂತಕಥೆ ಯಾರು ಎಂದರೆ ನಾನು ಆ ಚಿತ್ರದಲ್ಲಿ ಕೆಳಗೆ ಮಲಗಿದವನತ್ತ ಬೆರಳು ತೋರಿಸುತ್ತೇನೆ.

ಅದೇ ಅಂಡರ್‌ಟೇಕರ್ 1991ರಿಂದ ರೆಸಲ್‌ಮೇನಿಯಾದಲ್ಲಿ ಸೋಲದೆ 21 ಪಂದ್ಯ ಗೆದ್ದಿದ್ದ. 2014ರ ಏಪ್ರಿಲ್ 6ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಾಕ್ ಲೆಸ್ನರ್ ಎದುರು ಆ ಸರಪಳಿ ತುಂಡಾಯಿತು. ರೆಫರಿಯ ಕೈ ಮೂರನೆಯ ಸಲ ನೆಲಕ್ಕೆ ಬಿದ್ದಾಗ ಗೆದ್ದವನ ಸಂಗೀತ ಕೂಡ ತಕ್ಷಣ ಮೊಳಗಲಿಲ್ಲ. ದೊಡ್ಡ ಪರದೆಯ ಮೇಲೆ 21-1 ಎಂದು ಮೂಡಿತು. ಬಾಯಿ ತೆರೆದು, ಕಣ್ಣರಳಿಸಿ ನಿಂತ ಒಬ್ಬ ಪ್ರೇಕ್ಷಕನ ಮುಖ ಪ್ರಪಂಚವೆಲ್ಲ ಸುತ್ತಿತು. ಎಲ್ಲ ಬರೆದಿಟ್ಟದ್ದೆಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಮುಖ ನೋಡಿದವರು ಯಾರೂ “ಎಲ್ಲ ಸುಳ್ಳು” ಎಂದು ನನ್ನ ಹತ್ತಿರ ವಾದಿಸಲಾರರು. ಅಂಡರ್‌ಟೇಕರ್ ಅಂದು ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದ್ದ.

ಪೆಟ್ಟಿನ ಬಗ್ಗೆಯೂ ಒಂದು ಮಾತು ಹೇಳಬೇಕು. 1998ರ ಜೂನ್ 28ರಂದು ಪಿಟ್ಸ್‌ಬರ್ಗ್‌ನಲ್ಲಿ ರಿಂಗನ್ನು ಮುಚ್ಚಿದ ಹದಿನಾರು ಅಡಿ ಎತ್ತರದ ಪಂಜರದ ಮೇಲಿಂದ ಎದುರಾಳಿ ಅಂಡರ್‌ಟೇಕರ್ ಎಸೆದಾಗ ಮಿಕ್ ಫೋಲಿ ಕೆಳಗಿನ ಮೇಜಿನ ಮೇಲೆ ಬಿದ್ದ ದೃಶ್ಯವನ್ನೇ ಅನೇಕರು ಅವನ ಹಿರಿಮೆ ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬೀಳುವುದನ್ನೇ ಹಿರಿಮೆ ಮಾಡಿದರೆ ಎಳೆಯ ಹುಡುಗರು ಕುತ್ತಿಗೆ ಮುರಿದುಕೊಳ್ಳುತ್ತಾರೆ. ಆ ಪಂದ್ಯದಲ್ಲಿ ನನ್ನ ಮನಸ್ಸು ಹೋಗಿ ನಿಲ್ಲುವುದು ಒಂದು ಜೊತೆ ಬೂಟುಗಳ ಹತ್ತಿರ. ಫೋಲಿ ಮತ್ತೆ ಮೇಲೆ ಹತ್ತಿದ, ಪಂಜರದ ಚಾವಣಿ ಕಿತ್ತುಕೊಂಡು ರಿಂಗಿನೊಳಗೆ ಬಿದ್ದ. ಅದು ಯೋಜನೆಯಲ್ಲಿ ಇರಲಿಲ್ಲ. ಅವನು ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಯಾರಿಗೂ ತಿಳಿಯದ ಹೊತ್ತು. ಆಗ ಅವನ ಹಳೆಯ ಗೆಳೆಯ, ಐವತ್ಮೂರು ವರ್ಷದ ಟೆರಿ ಫಂಕ್, ಅಂಡರ್‌ಟೇಕರ್‌ಗೆ ಅಡ್ಡ ನಿಂತ. ಅಂಡರ್‌ಟೇಕರ್ ಅವನ ಕತ್ತು ಹಿಡಿದೆತ್ತಿ ಅಪ್ಪಳಿಸಿದ ರಭಸಕ್ಕೆ ಬೂಟುಗಳೆರಡೂ ಕಳಚಿ ರಿಂಗಿನಲ್ಲೇ ಉಳಿದವು. ಬಿದ್ದವನಿಗೆ ಒಂದೆರಡು ನಿಮಿಷ ಸುಧಾರಿಸಿಕೊಳ್ಳಲು ಸಿಗಲಿ ಎಂದು ಫಂಕ್ ತನ್ನ ಬೆನ್ನು ಕೊಟ್ಟಿದ್ದ. ಅಲ್ಲಿ ಎದುರಾಳಿಯೆಂದರೆ ನಿನ್ನ ಪ್ರಾಣವನ್ನು ಕೈಯಲ್ಲಿ ಹಿಡಿದು ನಿನ್ನನ್ನು ಎತ್ತಿ ಎಸೆಯುವವನು. ಹಾಗೆ ಎಸೆದು ಜೋಪಾನವಾಗಿ ಇಳಿಸುವವನು.

ಕಂಪನಿ ಬೆಲ್ಟ್ ಕೊಡಬಹುದು. ದಂತಕಥೆಯ ಪಟ್ಟ ಕಟ್ಟುವವರು ಮಾತ್ರ ಜನ. ಅಂಡರ್‌ಟೇಕರ್ ಸೋತ ಆ ನ್ಯೂ ಆರ್ಲಿಯನ್ಸ್ ರಾತ್ರಿಯಲ್ಲೇ ಸಾಧಾರಣ ಎತ್ತರದ ಗಡ್ಡದ ಡೇನಿಯಲ್ ಬ್ರಯಾನ್ ಮೊದಲು ಟ್ರಿಪಲ್ ಎಚ್‌ನನ್ನು, ಆಮೇಲೆ ಆರ್ಟನ್, ಬಟಿಸ್ಟಾ ಇಬ್ಬರನ್ನೂ ಎದುರಿಸಿ ಚಾಂಪಿಯನ್ ಆದ. ಕಂಪನಿಯ ಮನಸ್ಸಿನಲ್ಲಿ ಅದು ಇರಲಿಲ್ಲ. ತಿಂಗಳುಗಟ್ಟಲೆ ಜನ ಕೂಗಿ ಕೂಗಿ ಕಥೆಯನ್ನೇ ಬದಲಿಸಿದ್ದರು. 2018ರಲ್ಲಿ ಖಳನಾಯಕಿಯಾಗಲೆಂದು ಕಂಪನಿ ತಿರುಗಿಸಿದ ಬೆಕಿ ಲಿಂಚ್‌ಳನ್ನು ಜನ ತಲೆಯ ಮೇಲೆ ಹೊತ್ತರು. ಮರುವರ್ಷ ರೆಸಲ್‌ಮೇನಿಯಾದ ಕೊನೆಯ ಪಂದ್ಯ ಮೊದಲ ಬಾರಿಗೆ ಹೆಂಗಸರದ್ದಾಯಿತು, ಗೆದ್ದವಳು ಅವಳೇ. ರೋಮನ್ ರೇನ್ಸ್ ಕಥೆ ಉಲ್ಟಾ. ಕಂಪನಿ ಮುಂದೆ ತಳ್ಳಿದಷ್ಟೂ ಜನ ಹಿಂದೆ ತಳ್ಳಿದರು. 2015ರಲ್ಲಿ ಫಿಲಡೆಲ್ಫಿಯಾದಲ್ಲಿ ರಾಯಲ್ ರಂಬಲ್ ಎಂಬ ದೊಡ್ಡ ಪಂದ್ಯ ಗೆದ್ದವನಿಗೆ ಸಿಕ್ಕಿದ್ದು ಛೀಮಾರಿ. 2020ರಲ್ಲಿ ಖಳನಾಗಿ ಬಂದ ಮೇಲೆ ಎಲ್ಲ ಬದಲಾಯಿತು. 1,316 ದಿನ ಚಾಂಪಿಯನ್ ಆಗಿದ್ದು, 2024ರಲ್ಲಿ ಅದೇ ಫಿಲಡೆಲ್ಫಿಯಾದಲ್ಲಿ ಕೋಡಿ ರೋಡ್ಸ್‌ಗೆ ಸೋತ. ಅವನಿಗೆ ದಂತಕಥೆಯ ಸಾಲಿನಲ್ಲಿ ಜಾಗ ಸಿಕ್ಕಿತು ಎಂದು ನನಗನ್ನಿಸಿದ್ದು ಆ ಸೋಲಿನ ರಾತ್ರಿ.

ಕಳೆದ ಡಿಸೆಂಬರಿನಲ್ಲಿ, ಅಂದರೆ 2025ರ ಡಿಸೆಂಬರ್ 13ರಂದು, ಜಾನ್ ಸೀನಾ ವಾಷಿಂಗ್ಟನ್‌ನಲ್ಲಿ ಕೊನೆಯ ಪಂದ್ಯ ಆಡಿದ. ಹದಿನೇಳು ಬಾರಿ ವಿಶ್ವ ಚಾಂಪಿಯನ್. ತೀವ್ರ ಕಾಯಿಲೆಯ ಮಕ್ಕಳ ಆಸೆ ಪೂರೈಸುವ ಮೇಕ್ ಎ ವಿಶ್ ಸಂಸ್ಥೆಯ ಮೂಲಕ 650ಕ್ಕೂ ಹೆಚ್ಚು ಮಕ್ಕಳನ್ನು ಕಂಡು ಬಂದವನು. ಎಂದೂ ಸೋಲೊಪ್ಪಬೇಡ ಎಂಬ ಮಾತನ್ನು ಟವೆಲಿನ ಮೇಲೆ ಬರೆಸಿ ವರ್ಷಾನುಗಟ್ಟಲೆ ಎತ್ತಿ ತೋರಿಸಿದವನು. ಮರುವಾರ ಮೈಸೂರಿಗೆ ಹೋದಾಗ ಆ ಪಂದ್ಯದ ಕೊನೆಯ ನಿಮಿಷಗಳನ್ನು ಮೊಬೈಲಿನಲ್ಲಿ ಮಾವನಿಗೆ ತೋರಿಸಿದೆ. ಹಿಂದಿನಿಂದ ಕುತ್ತಿಗೆಗೆ ಎದುರಾಳಿಯ ತೋಳು ಸುತ್ತಿದೆ. ಸೀನಾ ಬಿಡಿಸಿಕೊಳ್ಳುತ್ತಾನೆ, ಮತ್ತೆ ಸಿಕ್ಕಿಕೊಳ್ಳುತ್ತಾನೆ. ಇನ್ನು ಎದ್ದೇಳುತ್ತಾನೆ ಎಂದು ಜನ ಕಾಯುತ್ತಿದ್ದಾರೆ. ಅವನು ಸಣ್ಣಗೆ ನಕ್ಕು, ಕೈ ತಟ್ಟಿ ಸೋಲೊಪ್ಪಿಕೊಂಡ. ಸಭಾಂಗಣ ಸಿಟ್ಟಿನಿಂದ ಕೂಗಿತು.

ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. “ಹಿಂದಕ್ಕೆ ಓಡಿಸು. ಆ ತೋಳು ಹಾಕಿದ ಜಾಗ ನೋಡಬೇಕು” ಎಂದರು. ಓಡಿಸಿದೆ. ತಮ್ಮ ಮೊಣಕೈಯನ್ನು ಗಾಳಿಯಲ್ಲಿ ಮಡಚಿ ನೋಡಿಕೊಂಡರು.

“ಪಟ್ಟು ಚೆನ್ನಾಗಿ ಕೂತಿದೆ. ಗೆದ್ದ ಹುಡುಗನ ಹೆಸರೇನು?”

“ಗುಂಥರ್ ಅಂತ ಮಾವ, ಆಸ್ಟ್ರಿಯಾ ದೇಶದವನು” ಎಂದೆ.