ಅವ್ವನ ಬಾಯಿ ಹುಣ್ಣು, ಕಿಮೊ ಮತ್ತು ಉಪ್ಪು ನೀರು

ಕಲಬುರಗಿ ಮನೆಯಲ್ಲಿ ಶೇಂಗಾ ಹಿಂಡಿ (ಖಾರದ ಚಟ್ನಿಪುಡಿ) ಇಲ್ಲದ ಊಟ ಅಂದ್ರೆ ಊಟಾನೇ ಅಲ್ಲ. ಆದ್ರೆ ಕ್ಯಾನ್ಸರ್‌ಗೆ ಕೊಡೋ ಔಷಧಿ, ಅಂದ್ರೆ ಕಿಮೊ, ಮೊದಲ ಸಲ ಆಗಿ ವಾರದೊಳಗೆ ಅವ್ವ ತಟ್ಟೆ ಸರಿಸಿ, "ಬಾಯಾಗ ಬೆಂಕಿ ಬಿದ್ದಂಗ ಆಗ್ಯದ" ಅಂದ್ಲು. ಟಾರ್ಚ್ ಹಾಕಿ ನೋಡಿದ್ರೆ ತುಟಿಯ ಒಳಗೆಲ್ಲ ಕೆಂಪು, ನಾಲಿಗೆಯ ಅಂಚಿನಲ್ಲಿ ಮೂರು ಹುಣ್ಣು.

ಕಿಮೊ ಔಷಧಿ ಬೇಗ ಬೆಳೆಯುವ ಜೀವಕೋಶಗಳನ್ನೆಲ್ಲ ಹೊಡೆಯುತ್ತದೆ, ಬಾಯಿಯ ಒಳಪದರವೂ ಅಂಥದ್ದೇ. ನಮಗೆ ಇದನ್ನ ಮೊದಲೇ ಯಾರೂ ಬಿಡಿಸಿ ಹೇಳಿರಲಿಲ್ಲ, ಆ ಸಿಟ್ಟು ಇನ್ನೂ ಇದೆ.

ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಇದರಲ್ಲಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಿ ಉಗುಳಬೇಕು, ನುಂಗಬಾರದು. ಅಂಗಡಿಯ ಮೌತ್‌ವಾಶ್ ತಂದು ಕೊಟ್ಟಿದ್ದು ನನ್ನದೇ ತಪ್ಪು, ಅದರಲ್ಲಿ ಆಲ್ಕೋಹಾಲ್ ಇತ್ತು, ಪಾಪ ಅವ್ವ ಕಣ್ಣಲ್ಲಿ ನೀರು ತಂದ್ಕೊಂಡ್ಲು. ಬ್ರಷ್ ಮೆತ್ತಗಿರೋದು ತಂದೆ.

5-ಎಫ್‌ಯು ಅನ್ನೋ ಕಿಮೊ ಔಷಧಿಯ ಇಂಜೆಕ್ಷನ್ ಕೊಡುವಾಗ ಸುಮಾರು 30 ನಿಮಿಷ ಐಸ್ ಚೂರು ಚೀಪಿದ್ರೆ ಹುಣ್ಣು ಕಡಿಮೆಯಾಗುತ್ತೆ, ಆದ್ರೆ ಆಕ್ಸಾಲಿಪ್ಲಾಟಿನ್ ಅನ್ನೋ ಇನ್ನೊಂದು ಕಿಮೊ ಔಷಧಿ ಕೊಡ್ತಿದ್ರೆ ತಣ್ಣಗಿನದು ಆಗಿಬರಲ್ಲ. ಅದಕ್ಕೇ ಡಾಕ್ಟರನ್ನ ಕೇಳದೆ ಮಾಡಬೇಡಿ. ಬಾಯಲ್ಲಿ ಬಿಳಿ ಪದರ ಕಂಡ್ರೆ ಫಂಗಸ್ ಇರಬಹುದು, ಅದಕ್ಕೆ ಬೇರೆ ಔಷಧಿ. ಜ್ವರ 100.4 ಡಿಗ್ರಿ ದಾಟಿದ್ರೆ ರಾತ್ರಿ ಎಷ್ಟೇ ಹೊತ್ತಾಗಿರಲಿ, ಆಸ್ಪತ್ರೆಗೆ ಹೋಗಲೇಬೇಕು.

ಊಟಕ್ಕೆ? ಜೋಳದ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಕೊಟ್ಟೆವು, ಪೂರ್ತಿ ಮೆತ್ತಗಾಗೋವರೆಗೂ. ಎರಡು ವಾರ ಅದೇ. ಹದಿನಾರನೇ ದಿನ ಅವ್ವ ಮೆಲ್ಲಗೆ ಕೇಳಿದ್ಲು, "ಹಿಂಡಿ ಡಬ್ಬಿ ಎಲ್ಲಿಟ್ಟೀರಿ?"