ಅಪ್ಪ ಯಾರಿಗೆ ಪಾಪ ಅಂದರು?

ಶನಿವಾರ ರಾತ್ರಿ ಕ್ಯಾಲಿಫೋರ್ನಿಯಾದ ಟ್ರಕೀ ಹತ್ತಿರ ಕ್ಯಾಂಪಿನಲ್ಲಿ ವ್ಯಾನ್ ನಿಲ್ಲಿಸಿ, ಹಿಂದಿನ ಹಾಸಿಗೆ ಮೇಲೆ ಬಿದ್ದುಕೊಂಡು ಊರಿಗೆ ಫೋನ್ ಮಾಡಿದೆ. ಅಲ್ಲಿ ಭಾನುವಾರ ಬೆಳಗ್ಗೆ. ಅಪ್ಪ ಎರಡನೇ ಕಾಫಿ ಮುಗಿಸಿ ಪೇಪರ್ ಹಿಡಿದು ಕೂರುವ ಹೊತ್ತು.

"ವ್ಯಾನಿಗೆ ಇಂಜಿನ್ ಹಾಕಿಸಿದೆ ಅಪ್ಪ."

"ಅದೇದಾ, ಬೇರೇದಾ?"

"ಬೇರೇದು. ಸುಬಾರುದು. ಜಪಾನ್ ಕಂಪನಿ."

"ಎಷ್ಟು ಹಾರ್ಸ್ ಪವರ್?"

"135. ಹಳೇದು 95 ಇತ್ತು."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಪಾಪ" ಅಂದರು. ಅಂದವರೇ "ತಗೋ, ನಿಮ್ಮಮ್ಮ ಏನೋ ಹೇಳ್ಬೇಕಂತೆ" ಅಂತ ಫೋನ್ ದಾಟಿಸಿಬಿಟ್ಟರು. ಅಮ್ಮ ಹೇಳಬೇಕಾಗಿದ್ದು ಪಕ್ಕದ ಮನೆಯವರ ಬೋರ್‌ವೆಲ್ ವಿಷಯ. ಹೂಂ ಹೂಂ ಅಂದೆ. ಎಷ್ಟು ಅಡಿಗೆ ನೀರು ಬಿತ್ತು ಅಂತ ಕೇಳಿದರೆ ಈಗಲೂ ಗೊತ್ತಿಲ್ಲ.

ಪಾಪ. ಯಾರಿಗೆ?

ನಮ್ಮಲ್ಲಿ ಈ ಪದದ ಮೇಲೆ ವಿಳಾಸ ಬರೆದಿರುವುದಿಲ್ಲ. ಕುಂಟುವ ನಾಯಿಗೂ ಪಾಪ, ಎಸ್ಸೆಸ್ಸೆಲ್ಸಿ ಫೇಲಾದ ಹುಡುಗನಿಗೂ ಪಾಪ. ದುಡ್ಡು ಜಾಸ್ತಿ ಕೊಟ್ಟು ಮೋಸ ಹೋದವನನ್ನು ಎದುರಿಗೇ ಪೆದ್ದ ಅನ್ನಲಾಗದೆ ಪಾಪ ಅನ್ನುತ್ತೇವೆ. ಇದರಲ್ಲಿ ನಾನು ಯಾವ ಗುಂಪು?

ಬೇರೆ ಯಾರಾದರೂ ಅಂದಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕನ್ನಡ ಕೂಟದ ಗೆಳೆಯನೊಬ್ಬ "ಆ ದುಡ್ಡಿಗೆ ಇನ್ನೊಂದು ಕಾರೇ ಬರ್ತಿತ್ತಲ್ಲೋ" ಅಂದಾಗ ನಕ್ಕು ಸುಮ್ಮನಾದೆ. ಅವನು ಮೂರು ವರ್ಷಕ್ಕೊಂದು ಕಾರು ಬದಲಿಸುವವನು. ಒಂದನ್ನೂ ಬಾನೆಟ್ ಎತ್ತಿ ನೋಡಿದವನಲ್ಲ. ಆದರೆ ಅಪ್ಪ ಹತ್ತೊಂಬತ್ತು ವರ್ಷ ಮೆಟಡಾರ್ ಓಡಿಸಿದವರು. ಸಕಲೇಶಪುರದಿಂದ ಕಾಫಿ, ಶುಂಠಿ ಇಳಿಸೋದು, ಮಂಗಳೂರಿಂದ ಹೆಂಚು ಹತ್ತಿಸೋದು. ದೋಣಿಗಲ್ಲಿನಿಂದ ಗುಂಡ್ಯದವರೆಗೆ ಶಿರಾಡಿಯ ಒಂದೊಂದು ತಿರುವಿಗೂ ಯಾವ ಗೇರು ಅಂತ ಅವರ ಎಡಗೈಗೆ ಗೊತ್ತಿತ್ತು. ಇಂಜಿನ್ ವಿಷಯದಲ್ಲಿ ಅವರ ಬಾಯಿಂದ ಸುಮ್ನೆ ಮಾತು ಬೀಳುವುದಿಲ್ಲ.

ನನ್ನದು 1987ರ ಫೋಕ್ಸ್‌ವ್ಯಾಗನ್ ವ್ಯಾನಗನ್. ತಲೆ ಮೇಲೆ ಟೆಂಟ್ ಏಳುವ ವೆಸ್ಟ್‌ಫಾಲಿಯಾ ಮಾದರಿ. ಒಳಗೆ ಒಲೆ, ಸಿಂಕ್, ಪುಟ್ಟ ಫ್ರಿಜ್, ಮಡಚುವ ಹಾಸಿಗೆ, ನೀರಿನ ಟ್ಯಾಂಕು. ಇಷ್ಟನ್ನೂ ನಮ್ಮನ್ನೂ ಹೊತ್ತರೆ ಎರಡು ಟನ್ ದಾಟುತ್ತೆ. ಎಳೆಯೋಕೆ 2.1 ಲೀಟರಿನ 95 ಕುದುರೆ. ಅದೂ ಹುಟ್ಟಿದಾಗ. ನನ್ನ ಕೈಗೆ ಬರುವ ಹೊತ್ತಿಗೆ ಎಷ್ಟು ಕುದುರೆ ಸತ್ತಿದ್ದವೋ ದೇವರಿಗೇ ಗೊತ್ತು. ಹಿಂದಿನ ಮಾಲೀಕ ಮಹಾಶಯ ಇಂಜಿನ್ ತಣ್ಣಗಿಡುವ ಕೂಲಂಟ್ ಬದಲು ವರ್ಷಗಟ್ಟಲೆ ನಲ್ಲಿ ನೀರು ಸುರಿದಿದ್ದ. ಅಲ್ಯೂಮಿನಿಯಂ ಹೆಡ್ಡು ಒಳಗೇ ತಿಂದುಹೋಗಿತ್ತು. ಇಂಥವರಿಗೆ ಒಂದು ಗಿಡ ಸಾಕೋಕೂ ಕೊಡಬಾರದು. ಈ ಚಳಿಗಾಲದಲ್ಲಿ ಸೋರಿಕೆ ಶುರುವಾಯಿತು. ಹಳೇದನ್ನೇ ಬಿಚ್ಚಿ ರಿಪೇರಿ ಮಾಡಿಸೋದಾ, ಬೇರೇದು ಕೂರಿಸೋದಾ ಅಂತ ಎರಡು ತಿಂಗಳು ಲೆಕ್ಕ ಹಾಕಿದೆ.

ಕ್ಯಾಲಿಫೋರ್ನಿಯಾದಲ್ಲಿ ಗುಡ್ಡ ಹತ್ತದೆ ಎಲ್ಲಿಗೂ ಹೋಗೋಕಾಗಲ್ಲ. ಸ್ಯಾಕ್ರಮೆಂಟೊ ಹೆಚ್ಚುಕಡಿಮೆ ಸಮುದ್ರ ಮಟ್ಟದಲ್ಲಿದೆ. ಅಲ್ಲಿಂದ ಪೂರ್ವಕ್ಕೆ ಐ-80 ಹೆದ್ದಾರಿ ಹಿಡಿದರೆ ಸುಮಾರು ತೊಂಬತ್ತು ಮೈಲಿಯಲ್ಲಿ ಡಾನರ್ ಸಮ್ಮಿಟ್, 7,239 ಅಡಿ. ಮೇಲೆ ಹೋದಷ್ಟೂ ಗಾಳಿ ತೆಳು. ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲದ ಇಂಜಿನ್ನು ಸಾವಿರ ಅಡಿಗೆ ನೂರಕ್ಕೆ ಮೂರರಂತೆ ಶಕ್ತಿ ಕಳೆದುಕೊಳ್ಳುತ್ತೆ. ಅಂದರೆ ತುದಿ ಮುಟ್ಟುವಾಗ ನನ್ನ 95ರಲ್ಲಿ ಉಳಿದಿರುತ್ತಿದ್ದುದು 75. ಕೋಲ್ಫ್ಯಾಕ್ಸ್ ದಾಟುತ್ತಿದ್ದ ಹಾಗೆ ಮೂರನೇ ಗೇರು, ಬಲಗಡೆ ಲೇನು, ನಾಲ್ಕೂ ಲೈಟು ಟಿಕ್ ಟಿಕ್. ಗಂಟೆಗೆ 55 ಕಿಲೋಮೀಟರ್. ಮರದ ದಿಮ್ಮಿ ಹೊತ್ತ ಲಾರಿಗಳೂ ನಮ್ಮನ್ನು ದಾಟಿ ಹೋಗುತ್ತಿದ್ದವು. ನಮ್ಮ ಮಗಳು ಹಿಂದಿನ ಕಿಟಕಿಯಲ್ಲಿ ಕೂತು ದಾಟಿಹೋದ ಗಾಡಿ ಲೆಕ್ಕ ಹಾಕೋಳು. ದಾಖಲೆ 212.

ಕೊನೆಗೆ ಬೇರೇದೇ ಕೂರಿಸೋಣ ಅಂತಾಯ್ತು. ಸುಬಾರು ಯಾಕೆ ಅಂದರೆ ಅದೂ ಮಲಗಿರುವ ಇಂಜಿನ್ನು. ಎಡಕ್ಕೆರಡು ಬಲಕ್ಕೆರಡು ಸಿಲಿಂಡರು, ಹಳೇದರ ಹಾಗೇ. ಎತ್ತರ ಕಡಿಮೆ, ಹಾಗಾಗಿ ಹಾಸಿಗೆ ಕೆಳಗೆ ಕೂರುತ್ತೆ. ತಿರುಗುವ ದಿಕ್ಕೂ ಗೇರ್ ಬಾಕ್ಸಿಗೆ ಸರಿಹೊಂದುತ್ತೆ. ಎಲ್ಲೋ ಗುದ್ದಿಸಿಕೊಂಡಿದ್ದ 1995ರ ಲೆಗಸಿ ಕಾರಿನ 2.2 ಲೀಟರ್ ಇಂಜಿನ್ನು ಸಿಕ್ಕಿತು. ಸಂಬಂಧ ಕೂಡಿಸೋಕೆ ನಡುವೆ ಒಂದು ದಪ್ಪ ಅಡಾಪ್ಟರ್ ಪ್ಲೇಟು. ಸುಬಾರುದ ಎಣ್ಣೆ ತಟ್ಟೆ ಜಾಸ್ತಿ ಜೋತು ಬೀಳುತ್ತೆ ಅಂತ ಆಳ ಕಡಿಮೆ ಇರುವ ಬೇರೆ ತಟ್ಟೆ. ವೈರಿಂಗ್ ಅಂತೂ ಬೇಡ. ಇಡೀ ಕಾರಿನ ವೈರನ್ನು ಟೇಬಲ್ ಮೇಲೆ ಹರವಿಕೊಂಡು, ಬೇಕಾದ್ದು ಬಿಟ್ಟು ಉಳಿದಿದ್ದನ್ನೆಲ್ಲ ಬಿಡಿಸಿ ತೆಗೆಯಬೇಕು. ಮೆಕ್ಯಾನಿಕ್ ಅದನ್ನೇ ನಾಲ್ಕು ದಿನ ಮಾಡಿದ. ಹಿತ್ತಲಲ್ಲಿ ಕೂತು ಸೊಪ್ಪು ಸೋಸುವ ಅಜ್ಜಿಯ ಥರ. ಅರವತ್ತು ದಾಟಿದ ಮನುಷ್ಯ. ಕೇಳಿದ್ದಕ್ಕೆ ಒಂದೇ ಪದದ ಉತ್ತರ. ಮೊದಮೊದಲು ಸೊಕ್ಕು ಅನ್ನಿಸಿತ್ತು. ಕೈ ನೋಡಿದ ಮೇಲೆ ಇಷ್ಟು ಸೊಕ್ಕು ಇರಲಿ ಬಿಡು ಅನ್ನಿಸಿತು.

ಆಮೇಲೆ ಸರ್ಕಾರಿ ಪರೀಕ್ಷೆ. ಬೇರೆ ಇಂಜಿನ್ ಹಾಕಿದ ಗಾಡಿಯನ್ನು ಇಲ್ಲಿ ಹೊಗೆ ತಪಾಸಣೆಯ ರೆಫರಿ ಮುಂದೆ ನಿಲ್ಲಿಸಬೇಕು. ಹೆಸರೇ ರೆಫರಿ, ಸೀಟಿ ಮಾತ್ರ ಇರಲಿಲ್ಲ. ಇಂಜಿನ್ನು ಗಾಡಿಗಿಂತ ಹಳೇದಾಗಿರಬಾರದು, ಅದರ ಜೊತೆ ಬಂದ ಹೊಗೆ ನಿಯಂತ್ರಣದ ಸಾಮಾನೆಲ್ಲ ಹಾಗೇ ಇರಬೇಕು. ಎಲ್ಲ ನೋಡಿ ಚೀಟಿ ಅಂಟಿಸಿ ಕಳಿಸಿದರು. ಊರಲ್ಲಾಗಿದ್ದರೆ ಆರ್‌ಸಿಯಲ್ಲಿ ಇಂಜಿನ್ ನಂಬರು, ಚಾಸಿ ನಂಬರು ಎರಡೂ ಇರುತ್ತೆ, ಆರ್‌ಟಿಒ ಅದನ್ನು ತಿದ್ದಬೇಕು. ಇಲ್ಲಿನ ನೋಂದಣಿಯಲ್ಲಿ ಇರೋದು ಗಾಡಿಯ ನಂಬರು ಮಾತ್ರ. ಕಾಗದದ ಪ್ರಕಾರ ನನ್ನ ವ್ಯಾನಿಗೆ ಏನೂ ಆಗಿಲ್ಲ.

ಶನಿವಾರದ ಘಾಟಿ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ನಾಲ್ಕನೇ ಗೇರಲ್ಲೇ 90ರಲ್ಲಿ ಹತ್ತಿತು. ಎಮಿಗ್ರೆಂಟ್ ಗ್ಯಾಪ್ ಯಾವಾಗ ಬಂತು ಯಾವಾಗ ಹೋಯ್ತು ಗೊತ್ತಾಗಲಿಲ್ಲ. ಮಗಳು 14ಕ್ಕೆ ಲೆಕ್ಕ ನಿಲ್ಲಿಸಿ ನಿದ್ದೆ ಹೋದಳು. ನನ್ನ ಹೆಂಡತಿ "ಪರವಾಗಿಲ್ವೇ" ಅಂದಳು. ಅವಳ ಬಾಯಲ್ಲಿ ಅದು ಡಾಕ್ಟರೇಟಿಗೆ ಸಮ.

ಡಾನರ್ ಅನ್ನೋ ಹೆಸರು ಬಂದಿರೋದು 1846ರಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಇದೇ ಘಾಟಿ ಹತ್ತೋಕೆ ಬಂದು ಹಿಮದಲ್ಲಿ ಸಿಕ್ಕಿಕೊಂಡವರಿಂದ. ಹೆಚ್ಚುಕಡಿಮೆ ಅರ್ಧ ಜನ ಅಲ್ಲೇ ಸತ್ತರು. ನಿಜವಾದ ಪಾಪ ಅವರಿಗೆ ಸಲ್ಲಬೇಕು. ಆದರೆ ಅಪ್ಪನಿಗೆ ಅವರ ಕಥೆ ಗೊತ್ತಿಲ್ಲ.

ಫೋನ್ ಇಟ್ಟ ಮೇಲೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ವ್ಯಾನಗನ್ನಿನಲ್ಲಿ ಇಂಜಿನ್ ಇರೋದು ಹಿಂದೆ, ಸರಿಯಾಗಿ ಹಾಸಿಗೆ ಕೆಳಗೆ. ಘಾಟಿ ಹತ್ತಿ ಬಂದ ರಾತ್ರಿ ಒಂದೆರಡು ಗಂಟೆ ಹಾಸಿಗೆ ಬೆಚ್ಚಗಿರುತ್ತೆ. ಕೆಳಗೆ ತಗಡು ತಣ್ಣಗಾಗುತ್ತಾ ಟಣ್, ಟಿಣ್ ಅನ್ನುತ್ತಿರುತ್ತೆ. ಹಳೇದರ ಸದ್ದು ನನಗೆ ಬಾಯಿಪಾಠ ಆಗಿತ್ತು. ಮೊದಲು ಎಕ್ಸಾಸ್ಟಿನದು, ಆಮೇಲೆ ಎಲ್ಲೋ ನೀರು ಗುಳುಗುಳು, ಕೊನೆಗೆ ಸೋರಿದ ಕೂಲಂಟಿನ ಸಿಹಿ ವಾಸನೆ. ಶನಿವಾರ ಬೆಚ್ಚಗೇನೋ ಇತ್ತು. ಸದ್ದಿನ ವರಸೆ ಬೇರೆ. ಹೊಸಬರ ಮನೆಯಲ್ಲಿ ಮಲಗಿದ ಹಾಗೆ.

ಮೆಟಡಾರಿನಲ್ಲಿ ಇಂಜಿನ್ ಇದ್ದಿದ್ದು ಮುಂದೆ, ಡ್ರೈವರಿಗೂ ಪಕ್ಕದ ಸೀಟಿಗೂ ನಡುವೆ, ಒಂದು ಡಬ್ಬದೊಳಗೆ. ಅದರ ಮೇಲೆ ಗೋಣಿಚೀಲ, ಗೋಣಿ ಮೇಲೆ ಕಂಬಳಿ ಮಡಚಿ ಹಾಕಿ ಅಪ್ಪ ನನ್ನನ್ನು ಕೂರಿಸೋರು. ಜುಲೈ ಮಳೆಯಲ್ಲಿ ಮಾರನಹಳ್ಳಿ ಹತ್ತಿರ ಅದಕ್ಕಿಂತ ಸುಖದ ಜಾಗ ಈ ಭೂಮಿ ಮೇಲೆ ಇರಲಿಲ್ಲ. ಮುಂದಿನ ಚಕ್ರ ಎಳೆಯುವ ಗಾಡಿ ಅದು. ಲೋಡು ಹಿಂದೆ ಇದ್ದರೆ ಏರಿನಲ್ಲಿ ಚಕ್ರ ಜಾರೋದು. ಆಗ ಅಪ್ಪ ಆಕ್ಸಿಲರೇಟರ್ ಒತ್ತುತ್ತಿರಲಿಲ್ಲ, ಬಿಡುತ್ತಿದ್ದರು. "ಅದಕ್ಕೂ ಉಸಿರಿಗೆ ಬಿಡಬೇಕು" ಅನ್ನೋರು. ಅದರ ಇಂಜಿನ್ ಎರಡು ಸಲ ಬೋರ್ ಮಾಡಿಸಿದರು, ಅಂದರೆ ಸವೆದ ಸಿಲಿಂಡರ್ ಕೊರೆಸಿ ಅದನ್ನೇ ಉಳಿಸಿಕೊಂಡರು. ಹಾಸನದಲ್ಲಿ ಯಾರೋ ಬೇರೆ ಇಂಜಿನ್ ಕೂರಿಸಿಕೊಡ್ತೀನಿ ಅಂದಾಗ ಬೇಡ ಅಂದಿದ್ದು ನನಗೆ ನೆನಪಿದೆ. ಸೋಮವಾರ ಇದು ನೆನಪಾಗಿದ್ದೇ ಕುತ್ತಿಗೆ ಹಿಡಿದಂತಾಯ್ತು. ಪಾಪ ಅಂದಿದ್ದು ಹಳೇ ಇಂಜಿನ್ನಿಗೇ! ಅದು ಈಗ ನಮ್ಮ ಗ್ಯಾರೇಜಿನ ಮೂಲೆಯಲ್ಲಿ, ಹಳೇ ಟೈರಿನ ಮೇಲೆ, ನೀಲಿ ತಾಡಪಾಲು ಹೊದ್ದು ಕೂತಿದೆ. ಮಂಗಳವಾರ ಆಫೀಸಿಗೆ ಹೊರಡುವಾಗ ಅದರ ಕಡೆ ನೋಡೋಕಾಗಲಿಲ್ಲ.

ಅಮೆರಿಕಕ್ಕೆ ಬಂದ ಕನ್ನಡಿಗನ ದೇಹ, ಆತ್ಮ, ಇಂಜಿನ್ನು ಅಂತ ಏನೋ ಉಪಮೆ ಬರುತ್ತೆ ಅಂತ ಕಾಯ್ತಿದ್ದರೆ ಕ್ಷಮಿಸಿ. ನನಗೂ ಆಸೆಯಾಯಿತು. ಆಮೇಲೆ ನಾಚಿಕೆಯಾಯಿತು.

ಬದಲಿಗೆ ಮೆಟಡಾರಿನ ವಂಶಾವಳಿ ಹುಡುಕಿದೆ. ನಮ್ಮೂರಲ್ಲಿ ನಾಲ್ಕು ಚಕ್ರದ ಯಾವ ವ್ಯಾನ್ ಕಂಡರೂ ಮೆಟಡಾರ್ ಅಂತಿದ್ದೆವು. ಆ ಹೆಸರು ಹುಟ್ಟಿದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿ, ಟೆಂಪೊ ಕಂಪನಿಯಲ್ಲಿ, 1949ರಲ್ಲಿ. ಆ ಮೊದಲ ಮೆಟಡಾರಿಗೆ ಇಂಜಿನ್ ಯಾರದು ಗೊತ್ತಾ? ಫೋಕ್ಸ್‌ವ್ಯಾಗನ್ನಿನದು, ಬೀಟಲ್ ಕಾರಿನ 25 ಕುದುರೆಯದು. 1952ರಲ್ಲಿ ಆ ಇಂಜಿನ್ ಬರೋದು ನಿಂತಿತು. ಆಮೇಲೆ ಹೈಂಕೆಲ್ ಹಾಕಿದರು, ಬ್ರಿಟನ್ನಿನ ಆಸ್ಟಿನ್ ಹಾಕಿದರು. ಮೆಟಡಾರ್ ಅನ್ನೋದೇ ಕಂಡವರ ಇಂಜಿನ್ ಹಾಕಿಕೊಂಡು ಬೆಳೆದ ಗಾಡಿ! ಇದನ್ನು ಅಪ್ಪನಿಗೆ ಹೇಳಿ ಗೆಲ್ಲಬೇಕು ಅಂತ ಬುಧವಾರ ರಾತ್ರಿ ಫೋನ್ ಮಾಡಿದೆ.

ಎಲ್ಲ ಕೇಳಿಸಿಕೊಂಡರು. "ಹೌದಾ" ಅಂದರು. ಅಷ್ಟೇ.

"ಅವತ್ತು ಪಾಪ ಅಂದ್ರಲ್ಲ, ಯಾಕೆ?"

"ಯಾವತ್ತು?"

"ಭಾನುವಾರ. ಇಂಜಿನ್ ಹಾಕಿಸಿದೆ ಅಂದೆನಲ್ಲ."

"ಓ ಅದಾ. ಗೇರ್ ಬಾಕ್ಸ್ ಹೊಸದು ಹಾಕಿಸಿದ್ಯಾ?"

"ಇಲ್ಲ, ಅದೇ ಇದೆ."

"ಮತ್ತೆ? 95 ಎಳೀತಿದ್ದ ಗೇರ್ ಬಾಕ್ಸಿಗೆ 135 ಹೇರಿದೀಯ. ಅದಕ್ಕೆ ಪಾಪ ಅನ್ನದೆ ಇನ್ಯಾರಿಗೆ ಅನ್ಲಿ? ಎಣ್ಣೆ ನೋಡಿದ್ಯಾ?"

ನೋಡಿರಲಿಲ್ಲ.

"ಕೆಳಗಿನ ಬೋಲ್ಟು ಬಿಚ್ಚಿ ಎಣ್ಣೆನ ಎರಡು ಬೆರಳಲ್ಲಿ ಉಜ್ಜಿ ನೋಡು. ನುಣ್ಣಗಿದ್ರೆ ಸರಿ. ಮರಳು ಥರ ಸಿಕ್ರೆ ನಿಧಾನಕ್ಕೆ ಓಡ್ಸು."

"ನಿಧಾನಕ್ಕೆ ಓಡಿಸೋಕಾ ಇಷ್ಟು ಖರ್ಚು ಮಾಡಿದ್ದು?"

"ಅದು ನಂಗೇನ್ ಗೊತ್ತು? ಮೈಲೇಜ್ ಎಷ್ಟು ಕೊಡುತ್ತೆ?"

"ಲೀಟರಿಗೆ ಎಂಟು."

"ಪಾಪ" ಅಂದರು. ಈ ಸಲ ಯಾರಿಗೆ ಅಂತ ಕೇಳಲಿಲ್ಲ.

ನಿನ್ನೆ ಸಂಜೆ ಗಾಡಿ ಕೆಳಗೆ ನುಗ್ಗಿದೆ. ಗೇರ್ ಬಾಕ್ಸಿನ ಬೋಲ್ಟಿಗೆ 17 ಎಂಎಂ ಅಲೆನ್ ಕೀ ಬೇಕಂತೆ. ನನ್ನ ಡಬ್ಬದಲ್ಲಿ ಇರೋದು ಹತ್ತರವರೆಗೆ. ಆರ್ಡರ್ ಮಾಡಿದೀನಿ, ಶನಿವಾರ ಬರುತ್ತಂತೆ.