ಒಂಬತ್ತು ಹಸಿರು ದೀಪಗಳು ಕಾಣೆಯಾದ ಬಗೆ

ನ್ಯಾಯವಾಕ್ಯವನ್ನು, ಅಂದರೆ ಎರಡು ಆಧಾರವಾಕ್ಯಗಳಿಂದ ಒಂದು ನಿರ್ಣಯಕ್ಕೆ ಬರುವ ವಾದವನ್ನು, ದೀಪ ಹತ್ತಿಸಿ ಪರೀಕ್ಷಿಸುವ ನನ್ನ ಪೆಟ್ಟಿಗೆ ಮೊದಲಿನಿಂದಲೂ ಸರಿಯಾಗಿಯೇ ಇತ್ತೆಂಬುದು, ಅದನ್ನು ಮೂರು ವಾರ ಬಿಚ್ಚಿ ಜೋಡಿಸಿದ ಮೇಲೆ ನನಗೆ ತಿಳಿಯಿತು.

ಹಲಸಿನ ಹಲಗೆ, ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಫಲಕ, ಬೆಸುಗೆ: ಪೆಟ್ಟಿಗೆ ಆದದ್ದು ಇವುಗಳಿಂದ. ಹಸಿರೆಂದು ಬರೆದು ನೀಲಿ ದೀಪ ಕಳಿಸಿದ ಹುಬ್ಬಳ್ಳಿಯ ಅಂಗಡಿಯ ವಿಷಯವನ್ನು ಮಾತ್ರ ಹೇಳದೆ ಇರಲಾರೆ. ಅವರ ಪೊಟ್ಟಣದಲ್ಲಿ ನಿಜವಾಗಿ ಹಸಿರಾದದ್ದು, ಶಿರಸಿಯ ಆಷಾಢದ ಥಂಡಿಗೆ ಎಂಟೇ ದಿನದಲ್ಲಿ ಸ್ವಿಚ್ಚಿನ ತಾಮ್ರಕ್ಕೆ ಹಿಡಿದ ಕಿಲುಬೊಂದೇ.

ಎರಡು ಆಧಾರವಾಕ್ಯಗಳಿಗೆ, ನಿರ್ಣಯಕ್ಕೆ ಮತ್ತು ಆಕೃತಿಗೆ ಒಂದೊಂದರಂತೆ ನಾಲ್ಕು ತಿರುಗು ಸ್ವಿಚ್ಚುಗಳಿದ್ದು, ಪ್ರತಿಯೊಂದಕ್ಕೂ ನಾಲ್ಕು ಸ್ಥಾನಗಳಿರುವುದರಿಂದ ಒಟ್ಟು 256 ರೂಪಗಳಾಗುತ್ತವೆ. ವಾಕ್ಯದ ಸ್ವಿಚ್ಚಿನ ಸ್ಥಾನಗಳು ‘ಎಲ್ಲ’, ‘ಯಾವುದೂ ಅಲ್ಲ’, ‘ಕೆಲವು’, ‘ಕೆಲವು ಅಲ್ಲ’. ಆಕೃತಿಯೆಂದರೆ ಎರಡೂ ಆಧಾರಗಳಲ್ಲಿ ಬರುವ ಪದ ಎಲ್ಲೆಲ್ಲಿ ಕೂತಿದೆ ಎಂಬುದು. ಮೂರು ವರ್ಗಗಳನ್ನು ಒಂದನ್ನೊಂದು ಕತ್ತರಿಸುವ ಮೂರು ವೃತ್ತಗಳಾಗಿ ಬರೆಯುವ ವೆನ್ ಚಿತ್ರದ ಎಂಟು ಕೋಣೆಗಳನ್ನು ಖಾಲಿ ಅಥವಾ ಭರ್ತಿ ಎಂದು ಎಣಿಸಿದರೂ 256 ಸ್ಥಿತಿಗಳೇ ಬರುತ್ತವೆ. ಇದು ಕೇವಲ ಕಾಕತಾಳೀಯ. ಆಧಾರಗಳು ನಿಜವಾಗಿ ನಿರ್ಣಯ ಸುಳ್ಳಾಗುವ ಒಂದೇ ಒಂದು ಸ್ಥಿತಿ ಸಿಕ್ಕರೂ ಕೆಂಪು ದೀಪ ಹತ್ತಬೇಕು, ಇಲ್ಲದಿದ್ದರೆ ಹಸಿರು. ಸಾಂಪ್ರದಾಯಿಕ ಲೆಕ್ಕದಲ್ಲಿ ಸಿಂಧುವಾದ ರೂಪಗಳು 24. ನನಗೆ ಹಸಿರು ಬಂದದ್ದು 15ಕ್ಕೆ.

ಬೆಸುಗೆ ಕಿತ್ತೆ, ಸ್ವಿಚ್ಚು ಬದಲಿಸಿದೆ, ಅಂಗಡಿಯವನನ್ನು ಮನಸಾರೆ ಬೈದೆ. ಕೊನೆಗೆ, ಕೆಂಪು ದೀಪ ಹತ್ತಿಸಿದ ಸ್ಥಿತಿ ಯಾವುದೆಂದು ಪರದೆಯ ಮೇಲೆ ಮುದ್ರಿಸುವಂತೆ ಮಾಡಿ ನೋಡಿದರೆ, ಕಾಣೆಯಾದ ಒಂಬತ್ತರಲ್ಲೂ ಯಾವುದೋ ಒಂದು ವರ್ಗ ಪೂರ್ತಿ ಖಾಲಿಯಾಗಿತ್ತು: ಐದರಲ್ಲಿ ಪಕ್ಷಪದ (ನಿರ್ಣಯ ಯಾವುದರ ಬಗ್ಗೆಯೋ ಅದು), ಮೂರರಲ್ಲಿ ಮಧ್ಯಮಪದ (ಎರಡೂ ಆಧಾರಗಳಲ್ಲಿ ಬರುವುದು), ಒಂದರಲ್ಲಿ ಸಾಧ್ಯಪದ (ಪಕ್ಷದ ಬಗ್ಗೆ ನಿರ್ಣಯ ಹೇಳುವುದು).

ಆ ಒಂಬತ್ತರಲ್ಲಿ ದರಾಪ್ತಿ ಎಂಬ ರೂಪವನ್ನು ಅಡಿಕೆ ತೋಟಕ್ಕಿಳಿಸಿ ನೋಡಿದಾಗ ಸಂಗತಿ ತಲೆಗೆ ಹೋಯಿತು. ಕೊಳೆ ರೋಗ ಬಂದ ಮರಗಳೆಲ್ಲ ಅದರ ಔಷಧಿಯಾದ ಬೋರ್ಡೋ ದ್ರಾವಣ ಕಾಣದವು. ಕೊಳೆ ಬಂದ ಮರಗಳೆಲ್ಲ ಕೆಳಗಿನ ತೋಟದವು. ಆದ್ದರಿಂದ ಕೆಳಗಿನ ತೋಟದ ಕೆಲವು ಮರಗಳು ದ್ರಾವಣ ಕಾಣದವು. ಕೊನೆಗಾರ ಒಂದು ಮರವನ್ನೂ ಬಿಡದೆ ಹತ್ತಿ ಔಷಧಿ ಹೊಡೆದು, ಆ ವರ್ಷ ಎಲ್ಲಿಯೂ ಕೊಳೆ ಬರಲಿಲ್ಲವೆಂದುಕೊಳ್ಳಿ. ಕೊಳೆ ಬಂದ ಮರವೇ ಇಲ್ಲದಿರುವಾಗ ಮೊದಲೆರಡು ವಾಕ್ಯಗಳನ್ನು ಸುಳ್ಳೆನ್ನಲು ಸಾಕ್ಷಿಯಾಗುವ ಮರವಿಲ್ಲ. ಹತ್ತೊಂಬತ್ತನೆಯ ಶತಮಾನದ ಗಣಿತಜ್ಞ ಬೂಲನ ನಂತರದ ತರ್ಕ ಅವನ್ನು ನಿಜವೆಂದೇ ಎಣಿಸುತ್ತದೆ. ನಿರ್ಣಯ ಮಾತ್ರ ಅಪ್ಪಟ ಸುಳ್ಳು. ಅರಿಸ್ಟಾಟಲನ ಪರಂಪರೆ ‘ಎಲ್ಲ’ ಎಂದೊಡನೆ ಒಂದಾದರೂ ಇದೆಯೆಂದು ಹಿಡಿಯುತ್ತದೆ. ನನ್ನ ಪ್ರೋಗ್ರಾಂ ಹಾಗೆ ಹಿಡಿದಿರಲಿಲ್ಲ.

ನಮ್ಮ ನ್ಯಾಯಶಾಸ್ತ್ರದ ಆರಂಭದ ಪಾಠಪುಸ್ತಕವಾದ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರು ಈಗಾಗಲೇ ನಗುತ್ತಿರಬೇಕು. ಗಗನಾರವಿಂದ, ಅಂದರೆ ಆಕಾಶದ ತಾವರೆ, ಸುವಾಸನೆಯುಳ್ಳದ್ದು, ತಾವರೆಯಾದ್ದರಿಂದ, ಕೆರೆಯ ತಾವರೆಯಂತೆ: ಆಶ್ರಯವೇ ಇಲ್ಲದ ಈ ಹೇತುವನ್ನು, ಅಂದರೆ ಕಾರಣವನ್ನು, ಆತ ಆಶ್ರಯಾಸಿದ್ಧವೆಂದು ಹೇತ್ವಾಭಾಸಗಳಲ್ಲಿ, ಕಾರಣದಂತೆ ತೋರುವ ದೋಷಗಳಲ್ಲಿ, ಸೇರಿಸಿದ್ದಾನೆ. ಎರಡೂ ಒಂದೇ ಸಮಸ್ಯೆಯಲ್ಲ, ಆದರೆ ಪಕ್ಷಪದ ಖಾಲಿಯಾದ ಆ ಐದು ರೂಪಗಳಿಗೆ ಇದು ಹತ್ತಿರದ ನೆಂಟ.

ಅಂದಹಾಗೆ, ಅಟ್ಟದ ಮೇಲೆ ಗಾಳಿ ಹಿಡಿಯದ ಹಾರ್ಮೋನಿಯಂ ಒಂದು ಬಿದ್ದಿದೆ. ಇಂಗ್ಲಿಷ್ ತರ್ಕಶಾಸ್ತ್ರಜ್ಞ ಜೆವನ್ಸ್ 1870ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ತೋರಿಸಿದ, ಕೀಲಿ ಒತ್ತಿ ತರ್ಕ ಮಾಡಿಸುವ ಪಿಯಾನೊಗೆ ಇದ್ದದ್ದು 21 ಕೀಲಿಗಳು. ಈ ಹಾರ್ಮೋನಿಯಂನಲ್ಲಿ ಅಷ್ಟು ಸುಸ್ಥಿತಿಯಲ್ಲಿರುವುದನ್ನು ಎಣಿಸಿಯಾಗಿದೆ. ಅದರಂತೆಯೇ ನಾಲ್ಕು ಪದ, ಹದಿನಾರು ಸಂಯೋಜನೆ: ಇದನ್ನೂ ತರ್ಕಯಂತ್ರವಾಗಿಸುವುದು ದೀಪಾವಳಿಯ ನಂತರ.

ಸದ್ಯಕ್ಕೆ ಪೆಟ್ಟಿಗೆಗೆ ಐದನೆಯ ಸ್ವಿಚ್ಚು ಬಂದಿದೆ. ಒಂದು ಕಡೆ ‘ಇದೆಯೆಂದು ಹಿಡಿ’, ಇನ್ನೊಂದು ಕಡೆ ‘ಇಲ್ಲದಿರಲೂಬಹುದು’. ಹಸಿರು ಈಗ ಒಂದರಲ್ಲಿ 24, ಇನ್ನೊಂದರಲ್ಲಿ 15. ಈ ಸ್ವಿಚ್ಚನ್ನು ಅಜ್ಜನ ರೇಡಿಯೊದಿಂದ ಕಿತ್ತಿದ್ದೇನೆ, ಹುಬ್ಬಳ್ಳಿಗೆ ಬರೆಯಲಿಲ್ಲ.